ಹೋದ ವಾರವೂ ಫೈಲು ಅಲ್ಲೇ ಇತ್ತು

ನಾನು ತುಮಕೂರು ಜಿಲ್ಲೆಯ ಒಂದು ಪುರಸಭೆಯ ಮಾಜಿ ಸದಸ್ಯೆ. ಪ್ರತಿ ಭಾನುವಾರ ಬೆಳಗ್ಗೆ ನನ್ನ ವಾರ್ಡಿನವರಿಗೆ ಒಂದು ವರದಿ ಬರೆದು ಕಳಿಸುತ್ತಿದ್ದೆ. ಈಗ ಮುಂದಿನ ಚುನಾವಣೆಗೆ ನಿಲ್ಲಬೇಕು ಅಂತಿರುವ ಕೆಲವರು ಅದನ್ನು ಹೇಗೆ ನಡೆಸಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಶುರುವಾಗಿದ್ದು ಅಧಿಕಾರ ಇಲ್ಲದಿದ್ದಾಗ. 2018ರ ಆಗಸ್ಟ್ 31ಕ್ಕೆ ಮತದಾನ, ಸೆಪ್ಟೆಂಬರ್ 3ಕ್ಕೆ ಎಣಿಕೆ. ಗೆದ್ದೆವು, ಹಾರ ಹಾಕಿಸಿಕೊಂಡೆವು. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯ ತಕರಾರು ಕೋರ್ಟಿಗೆ ಹೋಯಿತು. ಆಗ ರಾಜ್ಯದಲ್ಲಿ ಗೆದ್ದವರು ಬಹಳ ಕಡೆ 2020ರ ಕೊನೆಯವರೆಗೆ ಸುಮ್ನೆ ಕೂತಿದ್ದರು. ಅಧ್ಯಕ್ಷರಿಲ್ಲ, ಸಾಮಾನ್ಯ ಸಭೆ ಇಲ್ಲ. ಆಡಳಿತಾಧಿಕಾರಿ ಸಹಿ ಹಾಕಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಇದೆಲ್ಲ ಓಟು ಹಾಕಿದವರಿಗೆ ಹೇಗೆ ಗೊತ್ತಾಗಬೇಕು? "ಗೆದ್ದ ಮೇಲೆ ಮುಖಾನೇ ತೋರಿಸ್ಲಿಲ್ವಲ್ಲವ್ವ" ಅಂತ ನಲ್ಲಿ ಹತ್ತಿರ ಒಬ್ಬರು ಅಜ್ಜಿ ನೇರವಾಗಿ ಕೇಳಿದರು. ಕೆಲಸ ಮಾಡಿಸುವ ಅಧಿಕಾರ ಇರಲಿಲ್ಲ. ಪುರಸಭೆ ಒಳಗೆ ಏನಾಗುತ್ತಿದೆ ಅಂತ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಲ್ಲಿಂದ ಶುರು.

ಮೊದಮೊದಲು ಬರೆದಿದ್ದು ನೀರಿನ ವಿಷಯ ಮಾತ್ರ. ಹೇಮಾವತಿ ನಾಲೆಯಲ್ಲಿ ನೀರು ಬಂದರೆ ನಮ್ಮ ಕೆರೆ ತುಂಬುತ್ತದೆ, ಕೆರೆಯಿಂದ ಊರಿಗೆ. ನಾಲೆ ನಿಂತಿತೋ, ಕೊಳವೆಬಾವಿಯೇ ಗತಿ. ಯಾವ ಬೀದಿಗೆ ಯಾವತ್ತು ನೀರು ಅನ್ನುವುದು ವಾಟರ್‌ಮನ್ ತಲೆಯಲ್ಲಿ ಮಾತ್ರ ಇರುತ್ತಿತ್ತು. ಹೆಂಗಸರು ಬೆಳಗಿನ ಜಾವ ಎದ್ದು ನಲ್ಲಿ ತಿರುಗಿಸಿ ನೋಡುವುದು, ಬರೀ ಗಾಳಿ ಬಂದರೆ ಮತ್ತೆ ಮಲಗುವುದು. ವಾಟರ್‌ಮನ್ ಹತ್ತಿರ ಕೂತು ಬೀದಿವಾರು ಪಟ್ಟಿ ಮಾಡಿಸಿಕೊಂಡೆ. ಆ ಒಂದು ಪಟ್ಟಿಗೆ ಬಂದ ಮರ್ಯಾದೆ ಮುಂದೆ ನಾನು ಮಾಡಿಸಿದ ಸಿಮೆಂಟ್ ರಸ್ತೆಗೂ ಬರಲಿಲ್ಲ.

ಸುದ್ದಿ ಸೇರಿಸುವ ದಿನ ಶುಕ್ರವಾರ. ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿಗೆ ರಜೆ, ಹಾಗಾಗಿ ಶನಿವಾರವನ್ನು ನಂಬುವಂತಿಲ್ಲ. ಶುಕ್ರವಾರ ಮಧ್ಯಾಹ್ನ ಊಟ ಆದ ಮೇಲೆ ಹೋದರೆ ಜನ ಕಡಿಮೆ, ಇಂಜಿನಿಯರ್ ಸಿಗುತ್ತಾರೆ. ಆರೋಗ್ಯ ನಿರೀಕ್ಷಕರ ಹತ್ತಿರ ಕಸದ ಗಾಡಿ ವಿಚಾರ, ರೆವಿನ್ಯೂ ಶಾಖೆಯಲ್ಲಿ ಖಾತೆ ಮತ್ತು ಕಂದಾಯದ ವಿಚಾರ. ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಪೌರಕಾರ್ಮಿಕರ ಮೇಸ್ತ್ರಿಗೆ. ಯಾವ ಚರಂಡಿ ಎಲ್ಲಿ ಕಟ್ಟಿಕೊಂಡಿದೆ, ಯಾರು ಕಾಂಪೌಂಡ್ ಕಟ್ಟುವಾಗ ಜಲ್ಲಿ ಸುರಿದು ಮೋರಿ ಮುಚ್ಚಿದ್ದಾರೆ, ಎಲ್ಲ ಅವರ ಬಾಯಲ್ಲಿ. ಹೊಸದಾಗಿ ಗೆದ್ದವರು ಮುಖ್ಯಾಧಿಕಾರಿ ಚೇಂಬರಿಗೆ ಹೋಗುವ ಮೊದಲು ಮೇಸ್ತ್ರಿ ಜೊತೆ ಒಂದು ಟೀ ಕುಡಿಯಿರಿ.

ವರದಿ ಹೇಗಿರುತ್ತಿತ್ತು ಅನ್ನುವುದಕ್ಕೆ ಹಳೆಯದೊಂದರ ತುಂಡು ಇಲ್ಲಿದೆ:

"ನೀರು: ಕೆಳಗಿನ ಬೀದಿಗೆ ಮಂಗಳವಾರ ಬೆಳಗ್ಗೆ, ಮೇಲಿನ ಬೀದಿಗೆ ಬುಧವಾರ. ಶಾಲೆ ಪಕ್ಕದ ಬೋರಿನ ಮೋಟಾರ್ ಸುಟ್ಟಿದೆ, ರಿವೈಂಡಿಂಗ್‌ಗೆ ಹೋಗಿದೆ. ಗುರುವಾರದೊಳಗೆ ಬರದಿದ್ದರೆ ಟ್ಯಾಂಕರ್ ಬರುತ್ತದೆ. ಅದು ಪುರಸಭೆ ಟ್ಯಾಂಕರ್, ದುಡ್ಡು ಕೊಡಬೇಡಿ.
ಬೀದಿದೀಪ: ಶಾಲೆ ಹಿಂದೆ ಮೂರು ಕಂಬದಲ್ಲಿ ಲೈಟಿಲ್ಲ. ಎರಡಕ್ಕೆ ಬಲ್ಬ್ ಬಂದಿದೆ, ಸೋಮವಾರ ಹಾಕುತ್ತಾರೆ. ಮೂರನೆಯದರಲ್ಲಿ ತಂತಿಯೇ ಹೋಗಿದೆ. ಅದು ಬೆಸ್ಕಾಂ ಕೆಲಸ, ಪತ್ರ ಕೊಟ್ಟಾಗಿದೆ.
ಚರಂಡಿ: ಮಸೀದಿ ಪಕ್ಕದ ಚರಂಡಿಗೆ ಎಸ್ಟಿಮೇಟ್ ಆಗಿದೆ. ಫೈಲು ಲೆಕ್ಕ ಶಾಖೆಯಲ್ಲಿದೆ. ಹೋದ ವಾರವೂ ಅಲ್ಲೇ ಇತ್ತು."

ಆ ಕೊನೆಯ ಮಾತು ಇದೆಯಲ್ಲ, ಇಡೀ ವರದಿಯ ಜೀವ ಅದರಲ್ಲೇ ಇತ್ತು. ನಮ್ಮಲ್ಲಿ ಜನಪ್ರತಿನಿಧಿಗಳ ಸುದ್ದಿ ಅಂದರೆ ಗುದ್ದಲಿ ಪೂಜೆ ಫೋಟೋ, ರಿಬ್ಬನ್ ಕತ್ತರಿಸುವ ಫೋಟೋ. ಪೂಜೆಗೂ ರಿಬ್ಬನ್ನಿಗೂ ನಡುವಿನ ಕಾಲ ಯಾರಿಗೂ ಕಾಣುವುದಿಲ್ಲ. ಜನ ಬಯ್ಯುವುದು ಆ ಕಾಲದಲ್ಲೇ. ಆಗದ ಕೆಲಸವನ್ನು ಆಗಿಲ್ಲ ಅಂತ ಬರೆದು, ಯಾವ ಟೇಬಲ್ ಮೇಲೆ ನಿಂತಿದೆ ಅಂತ ಹೇಳಿದರೆ ಅರ್ಧ ಕೋಪ ಇಳಿಯುತ್ತದೆ. ಫೋನುಗಳ ಧಾಟಿಯೇ ಬದಲಾಯಿತು. "ಚರಂಡಿ ಯಾವಾಗ ಮಾಡಿಸ್ತೀರಾ" ಅನ್ನುತ್ತಿದ್ದವರು "ಮೇಡಂ, ಫೈಲು ಇನ್ನೂ ಅಲ್ಲೇ ಇದೆಯಾ" ಅಂತ ಕೇಳತೊಡಗಿದರು. ಕೆಲವರು ಕಚೇರಿಗೇ ಹೋಗಿ ಕೇಳಿದರು. ಅಲ್ಲಿಂದ ಗಲಾಟೆ.

ಒಬ್ಬ ಅಧಿಕಾರಿ ಕರೆದು, "ಇದನ್ನೆಲ್ಲ ಹೊರಗೆ ಯಾಕೆ ಬರೀತೀರಾ ಮೇಡಂ, ನಮಗೇ ಹೇಳಬಹುದಿತ್ತಲ್ಲ" ಅಂದರು. ಹೇಳಿದ್ದೆ, ಮೂರು ವಾರದಿಂದ. ಆದರೂ ಅವರ ಮಾತಲ್ಲಿ ಒಂದು ನ್ಯಾಯ ಇತ್ತು. ಲೆಕ್ಕ ಶಾಖೆಯಲ್ಲಿ ಫೈಲು ನಿಂತಿದೆ ಅಂದರೆ ಯಾವಾಗಲೂ ಸೋಮಾರಿತನ ಅಲ್ಲ. ಖಾತೆಯಲ್ಲಿ ದುಡ್ಡೇ ಇಲ್ಲದಿರಬಹುದು, ನೀರಿನ ಪಂಪುಗಳ ಕರೆಂಟ್ ಬಿಲ್ ಮೊದಲು ಕಟ್ಟಬೇಕಾಗಿರಬಹುದು. ಅಲ್ಲಿಂದ ಒಂದು ಪದ್ಧತಿ ಮಾಡಿಕೊಂಡೆ. ಶಾಖೆಯ ಹೆಸರು ಬರೆಯುವುದು, ಮನುಷ್ಯರ ಹೆಸರು ಬರೆಯದಿರುವುದು. ಕಳಿಸುವ ಮೊದಲು ಆ ಶಾಖೆಯವರಿಗೆ ಆ ಸಾಲು ಓದಿ ಹೇಳುವುದು, ಅವರ ಕಾರಣವನ್ನೂ ಸೇರಿಸುವುದು. ಫೈಲು ಮುಂದೆ ಹೋದರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಬರೆಯುವುದು. ಎಷ್ಟೋ ಸಲ ಶುಕ್ರವಾರ ನಾನು ಸಾಲು ಓದುತ್ತಿದ್ದ ಹಾಗೇ "ಬರೀಬೇಡಿ ಮೇಡಂ, ಸಂಜೆಯೊಳಗೆ ಕಳಿಸ್ತೀನಿ" ಅನ್ನುತ್ತಿದ್ದರು. ನನಗೆ ಬೇಕಾಗಿದ್ದೂ ಅದೇ ಅಲ್ವಾ!

ಇದು ಯಾರ ಕೆಲಸ ಅಂತ ವಿಂಗಡಿಸಿ ಹೇಳುವುದೇ ಒಂದು ದೊಡ್ಡ ಕೆಲಸ. ಕಂಬ ಮತ್ತು ತಂತಿ ಬೆಸ್ಕಾಂದು, ಅದರ ಮೇಲಿನ ಬೀದಿದೀಪ ಪುರಸಭೆಯದು. ಒಳರಸ್ತೆ ನಮ್ಮದು, ಊರ ನಡುವೆ ಹೋಗುವ ಹೆದ್ದಾರಿಯ ಗುಂಡಿ ನಮ್ಮದಲ್ಲ. ರೇಷನ್ ಕಾರ್ಡು ಆಹಾರ ಇಲಾಖೆ, ವಿಧವಾ ವೇತನ ನಾಡಕಚೇರಿ. ಜನರಿಗೆ ಇದರಲ್ಲಿ ಯಾವುದೂ ಬೇಕಿಲ್ಲ, ಅವರಿಗೆ ಗೊತ್ತಿರುವುದು ಓಟು ಕೇಳಲು ಬಂದ ಮುಖ ಒಂದೇ. ಹಾಗಂತ "ಅದು ನಮ್ಮದಲ್ಲ" ಅಂದು ಕೈ ತೊಳೆದುಕೊಂಡರೆ ಆಗಲ್ಲ. ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು ಅಂತ ಕೆಳಗೆ ಬರೆಯುತ್ತಿದ್ದೆ.

ಕಂದಾಯದ ವಿಷಯ ಮಾರ್ಚ್ ಕೊನೆಗೇ ಬರೆಯಬೇಕು. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ದಂಡವಿಲ್ಲ, ಜುಲೈನಿಂದ ತಿಂಗಳಿಗೆ ಶೇ 2 ದಂಡ. ಇದು ಎಲ್ಲರಿಗೂ ಗೊತ್ತಿದೆ ಅಂದುಕೊಳ್ಳಬೇಡಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ಪುರಸಭೆಯ ಸ್ವಂತ ವರಮಾನದಲ್ಲಿ ಶೇ 24.10ರಷ್ಟು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಶೇ 7.25ರಷ್ಟು ಇತರ ಬಡವರಿಗೆ, ಶೇ 5ರಷ್ಟು ಅಂಗವಿಕಲರಿಗೆ ಖರ್ಚು ಮಾಡಬೇಕು. ಓದುವ ಮಕ್ಕಳಿಗೆ ನೆರವು, ಮನೆ ರಿಪೇರಿ, ಗ್ಯಾಸ್ ಸಂಪರ್ಕ, ತ್ರಿಚಕ್ರ ವಾಹನ ಇಂಥವು ಈ ದುಡ್ಡಿನಲ್ಲಿ ಬರುತ್ತವೆ. ಅರ್ಜಿ ಕರೆಯುವ ನೋಟಿಸು ಕಚೇರಿ ಬೋರ್ಡಿನ ಮೂಲೆಯಲ್ಲಿ ಅಂಟಿರುತ್ತದೆ. ಅದನ್ನು ಓದುವವರು ಯಾರು? ಸದಸ್ಯರ ಹಿಂದೆ ಮುಂದೆ ಓಡಾಡುವವರು. ನಾನು ಕೊನೆಯ ದಿನಾಂಕ, ಬೇಕಾದ ದಾಖಲೆ, ಯಾವ ಕೌಂಟರಿನಲ್ಲಿ ಕೊಡಬೇಕು ಅಂತ ಮೂರು ಭಾನುವಾರ ಸತತವಾಗಿ ಹಾಕಿದೆ. ಆ ಸಲ ಕಾಲೊನಿಯಿಂದ ಬಂದ ಅರ್ಜಿಗಳಲ್ಲಿ ಬಹುಪಾಲು ಹಿಂದೆ ಯಾವತ್ತೂ ಅರ್ಜಿ ಹಾಕದ ಮನೆಗಳವು. ನನ್ನ ಜೊತೆಯ ಕೆಲವು ಸದಸ್ಯರಿಗೆ ಇದು ಇಷ್ಟವಾಗಲಿಲ್ಲ. ಪಟ್ಟಿ ತಮ್ಮ ಕೈಯಿಂದಲೇ ಹೋಗಬೇಕು ಅನ್ನುವ ಆಸೆ ಎಲ್ಲ ಪಕ್ಷದಲ್ಲೂ ಇದೆ, ನನ್ನ ಪಕ್ಷದಲ್ಲೂ.

ಸಾಮಾನ್ಯ ಸಭೆಯ ಅಜೆಂಡಾ ಕೈಗೆ ಬಂದ ವಾರ ಅದರಲ್ಲಿ ನಮ್ಮ ವಾರ್ಡಿಗೆ ತಾಗುವ ವಿಷಯಗಳನ್ನು ಸಾದಾ ಕನ್ನಡದಲ್ಲಿ ಬರೆದು ಹಾಕುತ್ತಿದ್ದೆ. ಅಜೆಂಡಾ ಭಾಷೆ ಓದಿದವರಿಗೂ ಅರ್ಥವಾಗದ ಹಾಗಿರುತ್ತದೆ. "ಸದರಿ ವಿಷಯವನ್ನು ಸಭೆಯ ಅವಗಾಹನೆಗೆ ಮಂಡಿಸಿದೆ" ಅಂದರೆ ಸಂತೆ ಸುಂಕ ಹರಾಜಿನ ವಿಷಯ ಅಂತ ಯಾರು ತಾನೇ ಊಹಿಸುತ್ತಾರೆ. ಸಂತೆಯಲ್ಲಿ ಸೊಪ್ಪು ಮಾರುವವರಿಗೆ ಆ ಒಂದು ಸಾಲು ಬಹಳ ಮುಖ್ಯ. ಸಭೆ ಆದ ಮೇಲೆ ನಾನು ಯಾವುದಕ್ಕೆ ಹೂಂ ಅಂದೆ, ಯಾವುದಕ್ಕೆ ಬೇಡ ಅಂದೆ ಅಂತಲೂ ಬರೆಯುತ್ತಿದ್ದೆ. ಇದರಿಂದ ಬೈಗುಳವೂ ಬಂದಿದೆ, ಬರಲಿ.

ಕಳಿಸುವ ವಿಧಾನ. ವಾಟ್ಸ್ಯಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಇಟ್ಟಿದ್ದೆ. ಎಲ್ಲರಿಗೂ ಬಿಟ್ಟರೆ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ನೀರಿನ ಸುದ್ದಿ ಮುಚ್ಚಿಹೋಗುತ್ತದೆ. ಉತ್ತರ ಕೊಡಬೇಕಾದವರು ನನ್ನ ನಂಬರಿಗೇ ಬರೆಯುತ್ತಿದ್ದರು. ಬ್ರಾಡ್‌ಕಾಸ್ಟ್ ಪಟ್ಟಿಯ ತೊಂದರೆ ಏನೆಂದರೆ, ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಓದಲು ಕಷ್ಟವಾಗುವವರಿಗೆ ಅದನ್ನೇ ಓದಿ ವಾಯ್ಸ್ ಮೆಸೇಜ್. ಫೋನೇ ಇಲ್ಲದವರಿಗೆ ದೊಡ್ಡ ಅಕ್ಷರದ ಒಂದು ಹಾಳೆ, ಹಾಲಿನ ಡೇರಿಯಲ್ಲಿ ಮತ್ತು ನ್ಯಾಯಬೆಲೆ ಅಂಗಡಿಯಲ್ಲಿ. ಡೇರಿಯವರು ಜೋರಾಗಿ ಓದಿ ಹೇಳುತ್ತಿದ್ದರು, ನಡುನಡುವೆ ತಮ್ಮ ಟೀಕೆಯನ್ನೂ ಸೇರಿಸಿ.

ಹಾಕದೆ ಬಿಟ್ಟಿದ್ದೂ ಇದೆ. ಕಂದಾಯ ಬಾಕಿದಾರರ ಹೆಸರು ಹಾಕಲಿಲ್ಲ. ಪಿಂಚಣಿ ಆದೇಶ ಕೈಗೆ ಕೊಡುವ ಫೋಟೋ ಹಾಕಲಿಲ್ಲ, ಅದು ಅವರ ಹಕ್ಕು, ನನ್ನ ಉಪಕಾರವಲ್ಲ. ಪಕ್ಷದ ಕಾರ್ಯಕ್ರಮ ಸುತರಾಂ ಇಲ್ಲ. 2023ರ ವಿಧಾನಸಭೆ ಚುನಾವಣೆಗೆ ಮಾರ್ಚ್ 29ರಿಂದ ನೀತಿಸಂಹಿತೆ ಬಂದಾಗ ಹೊಸ ಕೆಲಸದ ಮಾತೇ ಎತ್ತದೆ, ನೀರು ಮತ್ತು ಕಸದ ವೇಳೆ ಮಾತ್ರ ಬರೆದೆ. ಕೆಳಗೆ ನನ್ನ ಹೆಸರನ್ನೂ ತೆಗೆದೆ. ಅದೇ ವರ್ಷ ಅಧ್ಯಕ್ಷರ ಮೊದಲ ಅವಧಿ ಮುಗಿಯಿತು, ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಮತ್ತೆ ಅದೇ ಆಡಳಿತಾಧಿಕಾರಿ ಕಾಲ. ಆದರೆ ಈ ಸಲ ಯಾರೂ ಮುಖ ತೋರಿಸಲಿಲ್ಲ ಅನ್ನಲಿಲ್ಲ. ಯಾಕೆ ಸಭೆ ನಡೆಯುತ್ತಿಲ್ಲ ಅಂತ ವಾರ್ಡಿನವರಿಗೆಲ್ಲ ಗೊತ್ತಿತ್ತು.

ಈಗ ನನ್ನ ಅವಧಿ ಮುಗಿದಿದೆ. ನೀರಿನ ದಿನ, ಕಂದಾಯದ ದಿನಾಂಕ ಇಷ್ಟನ್ನು ಈಗಲೂ ಹಾಕುತ್ತೇನೆ, ಫೈಲಿನ ಮಾತು ನಿಲ್ಲಿಸಿದ್ದೇನೆ. ಟಿಕೆಟ್ ಆಕಾಂಕ್ಷಿಗಳಿಬ್ಬರು ಆಗಲೇ ಬಂದು ಗುಂಪಿನಲ್ಲಿರುವವರ ನಂಬರುಗಳನ್ನು ಕೇಳಿದರು. ಅದು ಕೊಡಲ್ಲ. ಜನ ನಂಬರ್ ಕೊಟ್ಟಿದ್ದು ನೀರಿನ ಸುದ್ದಿಗೆ. ಹಳೆಯ ವರದಿಗಳ ಫೈಲು ಬೇಕಿದ್ದರೆ ಯಾರಿಗಾದರೂ ಕೊಡುತ್ತೇನೆ. ಮಳೆಗಾಲದಲ್ಲಿ ಯಾವ ಮೋರಿ ಮೊದಲು ಕಟ್ಟಿಕೊಳ್ಳುತ್ತದೆ ಅನ್ನುವುದೆಲ್ಲ ಅದರಲ್ಲಿದೆ. ಅದನ್ನು ಇನ್ನೂ ಯಾರೂ ಕೇಳಿಲ್ಲ.