‘ಒರಗಿದ್ದವು’ ಎಂದರು ಅಮ್ಮ

ಅಪ್ಪ ತೀರಿಕೊಂಡ ಬೆಳಿಗ್ಗೆ ನೆರೆಮನೆಯವರು ಅಂಗಳಕ್ಕೆ ಬಂದಾಗ ಅಮ್ಮ ಆಡಿದ್ದು ಒಂದೇ ಮಾತು: ‘ಒರಗಿದ್ದವು.’ ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ಹವ್ಯಕ ಮನೆಗಳಲ್ಲಿ ನಿದ್ದೆ ಎಂದರೆ ಒರಕ್ಕು, ನಿದ್ದೆಹೋಗುವುದೆಂದರೆ ಒರಗುವುದು; ‘ಒರಗಿದ್ದವು’ ಎಂದರೆ ನಿದ್ದೆಹೋಗಿದ್ದಾರೆ. ಪೇಟೆಯಲ್ಲಿ ಕಿವಿಗೆ ಬೀಳುವ ಮಲಯಾಳದ ‘ಉರಕ್ಕಂ’ ಇದರ ಒಡಹುಟ್ಟು. ಪುಸ್ತಕದ ಕನ್ನಡದಲ್ಲಾದರೆ ಬೇಕಾದವರ ಹೆಗಲಿಗೆ ಒರಗುತ್ತೇವೆ. ಯುದ್ಧದಲ್ಲಿ ವೀರ ನೆಲಕ್ಕೊರಗುತ್ತಾನೆ. ನಿದ್ದೆ, ಒಲವು, ಸಾವು ಮೂರೂ ಒಂದೇ ಕ್ರಿಯಾಪದದಲ್ಲಿ ಇವೆ ಎಂಬುದು ನನಗೆ ಹೊಳೆದದ್ದು ಮೊದಲ ವರ್ಷದ ತಿಥಿ ಮುಗಿದ ರಾತ್ರಿ. ಕಿರುಗವನ ಬರೆಯಲು ಕುಳಿತದ್ದು ಅಂದಿನಿಂದ.

ಮೊದಲ ಕರಡುಗಳಲ್ಲಿ ‘ಚಿರನಿದ್ರೆ’ ಇತ್ತು, ‘ಕಾಳರಾತ್ರಿ’ ಇತ್ತು, ಪ್ರಾಸವೂ ಇತ್ತು. ಪ್ರಾಸ ಕೂಡಿಸಲು ಹೋದಾಗಲೆಲ್ಲ ಅಪ್ಪನಿಗೆ ಸಂಬಂಧವಿಲ್ಲದ ಪದವೊಂದು ಒಳಗೆ ಬಂದು ಕೂರುತ್ತಿತ್ತು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಷ್ಟು ಹಿಂದೆಯೇ ಸಾಲುಗಳ ಎರಡನೆಯ ಅಕ್ಷರವನ್ನು ಹೊಂದಿಸುವ ಆದಿಪ್ರಾಸವನ್ನು ಬಿಟ್ಟು ಬರೆದವರು. ಆ ಧೈರ್ಯ ನನಗೆ ಬರಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಪ್ರಾಸ ಬಿಟ್ಟರೂ ತ್ರಿಪದಿಯಿಂದ ಒಂದನ್ನು ಇಟ್ಟುಕೊಂಡೆ. ಕ್ರಿ.ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಕಾಣಸಿಗುವ ಈ ಛಂದಸ್ಸಿನಲ್ಲಿ ಒಟ್ಟು 11 ಗಣಗಳು, ಅಂದರೆ ಅಕ್ಷರಗಳ ಗುಂಪುಗಳು: ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರೇ. ನಾನು ಗಣದ ಲೆಕ್ಕ ಹಾಕುವುದಿಲ್ಲ, ಕೊನೆಯ ಸಾಲನ್ನು ಮಾತ್ರ ಗಿಡ್ಡ ಮಾಡುತ್ತೇನೆ. ಓದುವವರ ಉಸಿರು ಇನ್ನೊಂದಕ್ಕೆ ಕಾಯುತ್ತಿರುವಾಗಲೇ ಸಾಲು ನಿಂತುಬಿಡುತ್ತದೆ. ಸಾವಿನ ಕವನಕ್ಕೆ ಇದಕ್ಕಿಂತ ಒಪ್ಪುವ ಅಳತೆ ನನಗೆ ಸಿಕ್ಕಿಲ್ಲ.

ಕಂಗಿನ, ಅಂದರೆ ಅಡಿಕೆಯ, ತೋಟದ ನಡುವಿನ ಮನೆ ನಮ್ಮದು. ರಾತ್ರಿ ಹಾಳೆ, ಅಂದರೆ ಸೋಗೆಯ ಬುಡದ ಅಗಲ ಪೊರೆ, ಕಳಚುವಾಗ ಮೊದಲು ಸೋಗೆ ಪಕ್ಕದ ಮರಕ್ಕೆ ಉಜ್ಜಿ ಸರಸರ ಎನ್ನುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನೆಲದಲ್ಲಿ ಥಪ್ಪೆಂದು ಸದ್ದು. ಅಂಥದೊಂದು ಸದ್ದಾದ ರಾತ್ರಿ ಎದ್ದು ನೋಡಿದರೆ ಅಮ್ಮ ಕತ್ತಲಲ್ಲಿ ಕುಳಿತಿದ್ದರು. ಅದನ್ನು 9 ಸಾಲುಗಳಲ್ಲಿ ಬರೆದೆ. ಅಪ್ಪನ ಕೆಮ್ಮು, ಚಿಮಿಣಿ ದೀಪ, ಅಮ್ಮನ ಕಣ್ಣೀರು ಎಲ್ಲವೂ ಇದ್ದವು. ಕಣ್ಣೀರನ್ನು ತೆಗೆದ ಮೇಲೆ ಉಳಿದವು ತಾವಾಗಿಯೇ ಸಡಿಲವಾದವು. ಕೊನೆಗೆ ಹೋದದ್ದು ‘ಮೂಲೆಯಲ್ಲಿ’ ಎಂಬ ಪದ:

ಹಾಳೆ ಬಿದ್ದ ಸದ್ದಿಗೆ
ಅಮ್ಮನಿಗೆ ಎಚ್ಚರ.
ಸುತ್ತಿಟ್ಟ ಚಾಪೆ.

ಅಪ್ಪನ ಹೆಸರಿಲ್ಲ, ಸಾವು ಎಂಬ ಪದವಿಲ್ಲ. ಚಾಪೆಯೊಂದೇ ಸಾಕಾಯಿತು.

ಒಲವಿನ ಕವನ ಸುಲಭವಾಗಿ ಬಂತು. ಮದುವೆಯಾದ ಹೊಸತರಲ್ಲಿ ಮಂಗಳೂರಿನಿಂದ ಬರುವಾಗ ನಡೆದದ್ದನ್ನು ಹಾಗೆಯೇ ಇಟ್ಟೆ:

ಹೆಗಲಿಗೊರಗಿ ಅವಳಿಗೆ ನಿದ್ದೆ.
ಕುಂಬಳೆ ದಾಟಿತು ಬಸ್ಸು,
ಎಬ್ಬಿಸಲಿಲ್ಲ.

ಇಲ್ಲಿ ‘ಕುಂಬಳೆ’ಯ ಬದಲು ‘ಇಳಿಯುವ ಊರು’ ಎಂದು ಹಾಕಿದರೆ ಎಲ್ಲರಿಗೂ ತಿಳಿಯುತ್ತದೆ ಎಂದು ಗೆಳೆಯರೊಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ಬದಿಯಡ್ಕಕ್ಕೆ ತಿರುಗುವವರು ಇಳಿಯಬೇಕಾದದ್ದು ಕುಂಬಳೆಯಲ್ಲೇ. ಆ ತಿರುವು ತಪ್ಪಿದರೆ ಏನೆಂಬುದು ನಮ್ಮವರಿಗೆ ಗೊತ್ತು, ಹೊರಗಿನವರಿಗೆ ಬಸ್ಸು ದಾಟಿಹೋದದ್ದಂತೂ ಕಾಣುತ್ತದೆ.

ಚಾಪೆಯ ಕವನವನ್ನು ಅಮ್ಮನಿಗೆ ತೋರಿಸಲು ಅಳುಕುತ್ತಿದ್ದೆ. ಕಳೆದ ತಿಂಗಳು ಅಡಿಕೆ ಸುಲಿಯುತ್ತಿದ್ದಾಗ ಓದಿ ಹೇಳಿದೆ. ಕೈ ನಿಲ್ಲಿಸದೆ ಕೇಳಿದರು. ಆಮೇಲೆ ಹೇಳಿದರು: ‘ಹಾಳೆ ದಿನಾ ಬೀಳುತ್ತದೆ, ಅದಕ್ಕೆಲ್ಲ ನನಗೆ ಎಚ್ಚರವಾಗುವುದಿಲ್ಲ. ಅಂದು ಬಿದ್ದದ್ದು ತೆಂಗಿನ ಮಡಲು, ಬಾವಿಯ ಹತ್ತಿರ.’

ಹಾಳೆಯ ಸದ್ದನ್ನು ಬಿಡಲು ನನಗೆ ನೋವಾಯಿತು. ಆದರೆ ಆ ರಾತ್ರಿ ಎಚ್ಚರವಿದ್ದವರು ಅಮ್ಮ. ಒಳಗೆ ಹೋಗಿ ‘ಹಾಳೆ’ಯನ್ನು ಹೊಡೆದು ‘ಮಡಲು’ ಎಂದು ಬರೆದೆ.