ಮನೆಮಾತು ಬಿಡಿಸಬೇಡಿ
ನಮ್ಮ ಮಡಿಕೇರಿಯಲ್ಲಿ ಮಕ್ಕಳಿಗೆ ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಅಂಗಡಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಇಂಗ್ಲಿಷ್. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೆ ಸುಮ್ನೆ ಗಾಬರಿಯಾಗಬೇಡಿ. ಹಲವು ಭಾಷೆ ಕಲಿಯುವ ಮಕ್ಕಳು ಹಾಗೆ ಬೆರೆಸುವುದು ಸಹಜ.

ಶಾಲೆಗೆ ಕಷ್ಟವಾಗುತ್ತದೆ ಅಂತ ಮನೆಮಾತು ಮಾತ್ರ ಬಿಡಿಸಬೇಡಿ, ದಯವಿಟ್ಟು. 2011ರ ಜನಗಣತಿಯಲ್ಲಿ ಕೊಡವ ಮಾತೃಭಾಷೆ ಎಂದವರು 1,13,857 ಮಂದಿ, ಅಷ್ಟೇ. ಅದರ ಕೆಲವು ಸ್ವರಗಳಿಗೆ ಕನ್ನಡ ಅಕ್ಷರಮಾಲೆಯಲ್ಲಿ ಅಕ್ಷರವೇ ಇಲ್ಲ. ಹಾಗಾಗಿ ಓದಿದರೆ ಸಾಲದು, ಕಿವಿಗೆ ಬೀಳಬೇಕು ಅಲ್ವಾ?

ನಾವು ಮಾಡಿದ್ದು ಇಷ್ಟು: ರಾತ್ರಿ ಊಟಕ್ಕೆ ಕೂತಾಗ ಮನೆಮಾತು ಮಾತ್ರ. ಮಗಳು ಕನ್ನಡದಲ್ಲಿ ಉತ್ತರ ಕೊಟ್ಟರೆ ತಿದ್ದುವುದಿಲ್ಲ. ನಾವು ಮನೆಮಾತಿನಲ್ಲೇ ಮುಂದುವರಿಸುತ್ತೇವೆ. ಅಜ್ಜಿ ಹೇಳುವ ಕಥೆಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇವೆ. ಮಲಗುವಾಗ ಅವಳೇ ಕೇಳಿ ಹಾಕಿಸಿಕೊಳ್ಳುತ್ತಾಳೆ.