ಹಡಗಿನ ದಾರಿ ದಾಟೋದು: ಕಾರವಾರ–ಪಣಜಿ ಹಾಯಿ ಬೋಟಲ್ಲಿ ನಾನು ಮಾಡೋ ಕ್ರಮ

ಕಾರವಾರದಿಂದ ಪಣಜಿಗೆ ಸಣ್ಣ ಹಾಯಿ ಬೋಟಲ್ಲಿ ಹೋಗೋರಿಗೆ ದೊಡ್ಡ ಹಡಗಿನ ತಲೆಬಿಸಿ ಎರಡೇ ಕಡೆ. ಒಂದು ನಮ್ಮ ಬಂದರಿಗೆ ಡಾಂಬರು ತರೋ ಟ್ಯಾಂಕರ್‌ಗಳ ದಾರಿ, ಅದು ದೊಡ್ಡ ವಿಷಯ ಅಲ್ಲ, ದೇವಗಡ ಲೈಟ್‌ಹೌಸ್ ದಾಟಿದ್ರೆ ಮುಗೀತು. ಇನ್ನೊಂದು ಪಣಜಿಗೆ ಸ್ವಲ್ಪ ಮುಂಚೆ ಸಿಗೋ ಮರ್ಮಗೋವಾ ಬಂದರಿನ ಬಾಯಿ, ನಿಜವಾದ ಕೆಲಸ ಇರೋದು ಅಲ್ಲಿ.

ಇಲ್ಲಿಂದ ಅಲ್ಲಿಗೆ ಸುಮಾರು 40 ನಾಟಿಕಲ್ ಮೈಲು, ನನ್ನ ಬೋಟು ಓಡೋದು 4 ನಾಟ್ (ಗಂಟೆಗೆ 4 ನಾಟಿಕಲ್ ಮೈಲು), ಅದಕ್ಕೇ ಚಳಿಗಾಲದಲ್ಲಿ ರಾತ್ರಿ ನೆಲದ ಗಾಳಿ ಹಿಡಿದು ಹೊರಟು ಬೆಳಕು ಹರಿದ ಮೇಲೇ ಮರ್ಮಗೋವಾ ಮುಟ್ಟೋ ಹಾಗೆ ಟೈಮ್ ನೋಡ್ಕೋತೇನೆ. ಕತ್ತಲಲ್ಲಿ ಬಂದರಿನ ಬಾಯಿ ದಾಟೋ ಹಟ ನನಗಿಲ್ಲ, ಹಿಂದೆ ಊರಿನ ದೀಪ, ಮುಂದೆ ಲಂಗರು ಹಾಕಿದ ಹಡಗಿನ ದೀಪ, ಯಾವುದು ಓಡ್ತಾ ಇದೆ ಯಾವುದು ನಿಂತಿದೆ ಗೊತ್ತೇ ಆಗಲ್ಲ. ಹಗಲಲ್ಲಾದ್ರೆ ಲಂಗರು ಹಾಕಿದ್ದಕ್ಕೆ ಮುಂಭಾಗದಲ್ಲಿ ಕಪ್ಪು ಚೆಂಡು ಕಟ್ಟಿರ್ತಾರೆ, ಮೂತಿ ಹತ್ರ ಬಿಳಿ ನೊರೆ ಇದ್ರೆ ಅದು ಓಡ್ತಾ ಇದೆ.

ಹಾಯಿಗೆ ಇಂಜಿನ್ ದಾರಿ ಬಿಡಬೇಕು ಅನ್ನೋ ನಿಯಮ ಇದೆಯಲ್ಲ ಅಂತ ಹೊಸಬರು ಕೇಳ್ತಾರೆ. ಇದೆ ಮಾರಾಯ್ರೆ, ಹಡಗುಗಳು ಡಿಕ್ಕಿ ಆಗದ ಹಾಗೆ ಮಾಡಿದ 1972ರ ಅಂತಾರಾಷ್ಟ್ರೀಯ ನಿಯಮದಲ್ಲಿ 18ನೇ ರೂಲ್. ಆದ್ರೆ ಅದರ ಹಿಂದೇನೇ 9ನೇ ರೂಲ್ ಇದೆ, ಕಿರಿದಾದ ಚಾನೆಲ್ (ಹಡಗು ಓಡೋ ನೀರಿನ ದಾರಿ) ಒಳಗೇ ಓಡಬೇಕಾದ ಹಡಗಿಗೆ ಹಾಯಿ ಬೋಟು, 20 ಮೀಟರಿಗಿಂತ ಸಣ್ಣ ಬೋಟು ಅಡ್ಡ ಬರಬಾರದು. ನಾನಂತೂ ಬಂದರಿನ ಬಾಯಲ್ಲಿ 18ನೇ ರೂಲ್ ಮರೆತೇ ಬಿಡ್ತೇನೆ. 15 ನಾಟಲ್ಲಿ ಬರೋ ಹಡಗು ಒಂದು ಮೈಲು ದಾಟೋಕೆ ನಾಲ್ಕೇ ನಿಮಿಷ. 6 ಮೈಲು ದೂರದಲ್ಲಿ ಕಂಡಿದ್ದು 24 ನಿಮಿಷಕ್ಕೆ ತಲೆ ಮೇಲೆ, ಅಷ್ಟರಲ್ಲಿ ನಾನು ಹೋಗಿರೋದು ಒಂದೂವರೆ ಮೈಲು ಚಿಲ್ಲರೆ. ಮೇಲಾಗಿ ಅದರ ಬ್ರಿಡ್ಜ್ ಮೇಲೆ, ಅಂದ್ರೆ ಹಡಗು ನಡೆಸೋ ಕೋಣೆಯಲ್ಲಿ, ನಿಂತವರಿಗೆ ಮೂತಿ ಮುಂದೆ 500 ಮೀಟರ್ ತನಕ ನೀರು ಕಾಣದೇ ಇರಬಹುದು, ನಿಯಮವೇ ಅಷ್ಟಕ್ಕೆ ಒಪ್ಪುತ್ತೆ.

ಹಾಗಾಗಿ ನನ್ನ ಎಲ್ಲಾ ನಂಬಿಕೆ ಕೈಯಲ್ಲಿ ಹಿಡಿಯೋ ಕಂಪಾಸ್ ಮೇಲೆ. ಹಡಗು ಕಂಡ ಕೂಡ್ಲೇ ಒಂದು ಬೇರಿಂಗ್ ತಗೋತೇನೆ, ಅಂದ್ರೆ ಅದು ಕಂಪಾಸಲ್ಲಿ ಎಷ್ಟು ಡಿಗ್ರಿಗೆ ಕಾಣುತ್ತೆ ಅಂತ ನೋಡ್ತೇನೆ, ಮೂರು ನಿಮಿಷ ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ಡಿಗ್ರಿ ಬದಲಾಗ್ತಾ ಇದ್ರೆ ಸಾಮಾನ್ಯವಾಗಿ ಪರವಾಗಿಲ್ಲ, ಹಡಗು ದೊಡ್ಡದಾಗ್ತಾ ಹೋಗಿ ಡಿಗ್ರಿ ಮಾತ್ರ ಅಲ್ಲೇ ನಿಂತಿದ್ರೆ ಅದು ನಮಗೇ ಬಡಿಯೋಕೆ ಬರ್ತಾ ಇದೆ ಅಂತಲೇ ಅರ್ಥ. ತುಂಬಾ ಉದ್ದದ ಹಡಗು ಹತ್ರ ಬಂದಾಗ ಮಾತ್ರ ಇದನ್ನ ನಂಬಬೇಡಿ, ಮೂತಿಯ ಡಿಗ್ರಿ ಸರಿದ್ರೂ ಬಾಲ ಸರಿದಿರಲ್ಲ. ಮೊಬೈಲ್ ಆ್ಯಪಲ್ಲಿ ಹಡಗು ನೋಡ್ತೇನೆ ಅನ್ನೋರಿದ್ದಾರೆ, ಅದು ನೆಟ್‌ವರ್ಕ್ ಇದ್ದಾಗ, ಅದೂ ಕೆಲವೊಮ್ಮೆ ಹಳೇ ಜಾಗ ತೋರಿಸುತ್ತೆ, ಬೋಟಿಗೇ ಎಐಎಸ್ (ಹಡಗುಗಳು ರೇಡಿಯೋದಲ್ಲಿ ಕಳಿಸೋ ತಮ್ಮ ಜಾಗ, ದಿಕ್ಕು, ವೇಗ ತೋರಿಸೋ ಸಾಧನ) ಹಾಕಿದ್ರೆ ಮಾತು ಬೇರೆ. ಆದ್ರೆ ಎಐಎಸ್‌ನಲ್ಲೂ ನಮ್ಮ ಪಾತಿ ದೋಣಿಗಳು (ಮೀನು ಹಿಡಿಯೋ ಸಣ್ಣ ದೋಣಿ) ಕಾಣಲ್ಲ.

ಬೇರಿಂಗ್ ನಿಂತಿದೆ ಅಂದ್ರೆ ಅದರ ಹಿಂದಿನಿಂದ ಹೋಗೋದು, ಮುಂದೆ ನುಗ್ಗೋ ಮಾತೇ ಇಲ್ಲ. ತಿರುಗಿಸೋದಾದ್ರೆ ಬೇಗ ಮತ್ತು ದೊಡ್ಡದಾಗಿ, ಐದು ಡಿಗ್ರಿ ಹತ್ತು ಡಿಗ್ರಿ ಅಂತ ಮಾಡಿದ್ರೆ ಅವರ ರೇಡಾರಲ್ಲಿ ಏನೂ ತಿಳಿಯಲ್ಲ. ನಾನು ಮೂತಿಯನ್ನ ಹಡಗಿನ ಬಾಲದ ಕಡೆ ಇಟ್ಟುಬಿಡ್ತೇನೆ, ಆಗ ಅವರಿಗೂ ನನ್ನ ಉದ್ದೇಶ ಅರ್ಥ ಆಗುತ್ತೆ. ನನ್ನ ಜೊತೆ ಬರೋ ತಾಂಡೇಲ (ಮೀನು ಬೋಟು ನಡೆಸೋನು) ಬಲೆ ಬೋಟಲ್ಲೇ ಬೆಳೆದವ, ಅವನಿಗೆ ಕಂಪಾಸ್ ಬೇಡ, ಹಾಯಿಕಂಬದ ಹಗ್ಗಕ್ಕೆ ಹಡಗನ್ನ ಸೇರಿಸಿ ನೋಡಿ "ಬಾಲ ಹಿಡಿ ಮಾರಾಯ" ಅಂತಾನೆ. ಬೋಟಿನ ದಿಕ್ಕು ಅಲ್ಲಾಡದೇ ಇದ್ರೆ ಅದೂ ಸರಿಯಾದ ಲೆಕ್ಕವೇ.

ಚಾನೆಲ್ ದಾಟೋವಾಗ ಬೋಟಿನ ಮೂತಿ ಅಡ್ಡಕ್ಕೆ, ನೇರ 90 ಡಿಗ್ರಿ. ಇಂಗ್ಲೆಂಡಿನ ಡೋವರ್ ಜಲಸಂಧಿಯಂಥ ಕಡೆ ಹಡಗಿಗೆ ಹೋಗೋಕೆ ಬರೋಕೆ ಬೇರೆ ಬೇರೆ ಪಥ ಹಾಕಿದಲ್ಲಿ 10ನೇ ರೂಲ್ ಹೇಳೋದೂ ಇದೇ, ನೀರಿನ ಸೆಳೆತ ಪಕ್ಕಕ್ಕೆ ಎಳೆದ್ರೂ ಮೂತಿ ಅಡ್ಡಕ್ಕೇ ಇರಲಿ, ಸೆಳೆತಕ್ಕೆ ಎದುರು ಒದ್ದಾಡಿ ನೇರ ಗೆರೆ ಎಳೀತೇನೆ ಅಂತ ಹೊರಟ್ರೆ ಹಡಗಿನ ದಾರಿಯಲ್ಲೇ ಜಾಸ್ತಿ ಹೊತ್ತು ಕಳೀತೇವೆ. ಗಾಳಿ ಬಿದ್ದು ಮೂರು ನಾಟಿಗಿಂತ ಕಮ್ಮಿ ಆದ್ರೆ ಔಟ್‌ಬೋರ್ಡ್ ಇಂಜಿನ್ ಹಾಕ್ತೇನೆ, ಅದನ್ನೂ ಚಾನೆಲ್ ಒಳಗೆ ಹೋಗೋಕೆ ಮುಂಚೇನೇ ಸ್ಟಾರ್ಟ್ ಮಾಡಿ ನೋಡಿರ್ತೇನೆ. ಇಂಜಿನ್ ಓಡಿತು ಅಂದ್ರೆ ಹಾಯಿ ಏರಿಸಿದ್ರೂ ನಾವು ಇಂಜಿನ್ ಬೋಟೇ, ನಿಯಮದಲ್ಲಿ.

ವಿಎಚ್ಎಫ್ ರೇಡಿಯೋದಲ್ಲಿ ಹಡಗಿನವರು ಕೇಳ್ತಾ ಇರೋ 16ನೇ ಚಾನೆಲ್ ಯಾವಾಗ್ಲೂ ಆನ್. ಹಡಗು ಐದು ಸಲ ಚಿಕ್ಕದಾಗಿ ಹಾರ್ನ್ ಹೊಡೆದ್ರೆ ನೀನು ಏನು ಮಾಡ್ತಾ ಇದ್ದೀಯ ಅಂತ ಕೇಳ್ತಾ ಇದ್ದಾನೆ, ರೇಡಿಯೋ ಹುಡುಕೋಕೆ ಹೋಗ್ಬೇಡಿ, ಮೊದಲು ಅವನ ದಾರಿಯಿಂದ ಬೋಟು ತಿರುಗಿಸಿ.